ಏಳು ಸಲ ಬೇಡ

ಹೇರೂರು, ಹೊರಡುವ ಮುನ್ನ

ನಮ್ಮ ಕಡೆ ಊಟಕ್ಕೆ ಕೂತವರು "ಸಾಕು" ಎಂದರೆ ಮಾತು ಮುಗಿದಂತಲ್ಲ, ಶುರುವಾದಂತೆ. ಬಡಿಸುವವಳು "ಇನ್ನೊಂದ್ ಚೂರು" ಎನ್ನಬೇಕು. ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬಡಿಸುವವಳು ಆ ಕೈಯ ಸಂದಿಯಲ್ಲೇ ಒಂದು ಸೌಟು ಇಳಿಸಬೇಕು. ಸಿದ್ದಾಪುರ ತಾಲೂಕಿನ ಯಾವ ಮನೆಗೆ ಹೋದರೂ ಇದೇ ಪದ್ಧತಿ. ಒಂದೇ ಮಾತಿಗೆ ಸೌಟು ಹಿಂದಕ್ಕೆ ಎಳೆದುಕೊಂಡರೆ "ಆ ಮನೇಲಿ ಒಂದ್ ಒತ್ತಾಯ ಇಲ್ಲೆ" ಎಂಬ ಅಪವಾದ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಊಟ ತನ್ನಿಚ್ಛೆ ಎನ್ನುವ ಗಾದೆ ನಮ್ಮ ಪಂಕ್ತಿಯವರೆಗೆ ಇನ್ನೂ ಬಂದು ಮುಟ್ಟಿಲ್ಲ.

ಈ ವಿದ್ಯೆಯಲ್ಲಿ ನಾನು ಹೆಸರುವಾಸಿ. ಮದುವೆಮನೆಯಲ್ಲಿ ಹೋಳಿಗೆ ಮಿಕ್ಕಿದ್ದರೆ ನನ್ನನ್ನು ಪಂಕ್ತಿಗೆ ಬಿಡುತ್ತಾರೆ. ಸಕ್ಕರೆ ಕಾಯಿಲೆಯವರೂ ನನ್ನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಕೆಲಸದಲ್ಲೂ ಹಾಗೆಯೇ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತ ಇಪ್ಪತ್ತು ವರ್ಷ ಆಯಿತು. ವಿದ್ಯಾರ್ಥಿಗಳಿಗೆ, ಅವರ ತಾಯಂದಿರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕೇಳಿದವರಿಗೆ, ಕೇಳದವರಿಗೆ ಸಲಹೆ ಕೊಟ್ಟಿದ್ದೇನೆ. ನಲವತ್ತೆಂಟರ ವಯಸ್ಸಿನಲ್ಲಿ ಇದನ್ನೇ ಶಾಸ್ತ್ರೋಕ್ತವಾಗಿ ಕಲಿಯೋಣ ಎಂದು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಕೋಚಿಂಗ್ ಸೈಕಾಲಜಿಯ ಸ್ನಾತಕೋತ್ತರ ಪದವಿಗೆ ಸೇರಿದೆ. ಕಾಯಿಲೆಯೇನೂ ಇಲ್ಲದೆ ಬದುಕಿನಲ್ಲಿ ಎಲ್ಲೋ ಸಿಕ್ಕಿಕೊಂಡವರ ಎದುರು ಕೂತು, ಪ್ರಶ್ನೆ ಕೇಳುತ್ತ, ಅವರ ದಾರಿ ಅವರಿಗೇ ಕಾಣುವಂತೆ ಮಾಡುವ ವಿದ್ಯೆ ಅದು. ಎರಡು ವರ್ಷ ಕಂಪ್ಯೂಟರಿನ ಮುಂದೆ ಪಾಠ. ಕೊನೆಯ ಎರಡು ವಾರ ಮಾತ್ರ ಅಲ್ಲಿಗೇ ಹೋಗಿ, ಕ್ಯಾಮೆರಾದ ಎದುರು ಒಬ್ಬರೊಂದಿಗೆ ಮಾತಾಡಿ ತೋರಿಸಬೇಕು. ಅದರಲ್ಲಿ ತೇರ್ಗಡೆಯಾದರೆ ಪದವಿ.

ಹೊರಡುವ ಗಡಿಬಿಡಿಯಲ್ಲಿ ಇನ್ನೊಂದು ಕೆಲಸವನ್ನೂ ಮುಗಿಸಿದ್ದೆ. ಮಗಳು ಸಿಂಧುವಿಗೆ ಇಪ್ಪತ್ನಾಲ್ಕು, ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಉಮ್ಮಚಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ದನದ ಡಾಕ್ಟರು, ತಾಯಿ ಸಾವಿತ್ರಕ್ಕ ನನಗೆ ಹಳೆಯ ಗುರುತು. ಸಿಂಧು "ಈಗ ಬ್ಯಾಡ ಆಯಿ" ಎಂದಳು. ನಾನು ನಕ್ಕೆ. ಯಾವ ಹುಡುಗಿ ಮೊದಲ ಮಾತಿಗೇ ಹೂಂ ಎಂದಿದ್ದಾಳೆ? ಕೆಲವು ದಿನ ಕೊಸರಾಡಿ ಆಮೇಲೆ ಸುಮ್ಮನಾದಳು. ನಾನು ಸಾವಿತ್ರಕ್ಕನಿಗೆ ಫೋನು ಮಾಡಿ, ನಾನು ಮರಳಿದ ಮೇಲಿನ ಎರಡನೆಯ ಭಾನುವಾರ ಹೆಣ್ಣು ನೋಡಲು ಬನ್ನಿ ಎಂದು ಮಾತು ಕೊಟ್ಟೆ. ಮನಸ್ಸು ಹಗುರಾಗಿ ವಿಮಾನ ಹತ್ತಿದೆ.

ಡೋರೀನಳ ಅಡುಗೆಮನೆ

ಇಂಗ್ಲೆಂಡಿನ ಉತ್ತರದಲ್ಲಿ, ಸಮುದ್ರದ ಪಕ್ಕದ ಒಂದು ಚಿಕ್ಕ ಊರು. ಮೇ ತಿಂಗಳಾದರೂ ಚಳಿ. ನನಗೆ ಕೋಣೆ ಕೊಟ್ಟ ಡೋರೀನ್ ಎಂಬಾಕೆ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದ ಗಟ್ಟಿ ಹೆಂಗಸು, ಎಪ್ಪತ್ತರ ಹತ್ತಿರ. ಸಂಜೆ ಆರು ಗಂಟೆಗೆ ನಾನು ಪೆಟ್ಟಿಗೆ ಇಳಿಸುವಾಗ ಅವಳು ಊಟಕ್ಕೆ ಕೂರುವುದರಲ್ಲಿದ್ದಳು. ತರಕಾರಿ ಸೂಪಿನ ವಾಸನೆ ಮನೆಯೆಲ್ಲ ಹಬ್ಬಿತ್ತು. ನಾನು ಉಂಡು ಒಂದೂವರೆ ದಿನವಾಗಿತ್ತು.

"ಸೂಪು ಕುಡಿಯುತ್ತೀಯಾ? ಬೇಕಾದಷ್ಟಿದೆ" ಎಂದಳು.

"ಬೇಡ ಬೇಡ, ನನಗೋಸ್ಕರ ತೊಂದರೆ ತೆಗೆದುಕೊಳ್ಳಬೇಡಿ" ಎಂದೆ.

"ಸರಿ" ಎಂದಳು.

ಅಷ್ಟೇ. ನನ್ನೆದುರೇ ಕೂತು, ಬ್ರೆಡ್ಡು ಮುರಿದು ಅದ್ದಿಕೊಂಡು, ಹವಾಮಾನದ ಬಗ್ಗೆ ಮಾತಾಡುತ್ತ ಬಟ್ಟಲು ಖಾಲಿ ಮಾಡಿದಳು. ತೊಳೆದು ಮಗುಚಿಟ್ಟಳು. ಉಳಿದ ಸೂಪನ್ನು ಫ್ರಿಜ್ಜಿಗೆ ಸೇರಿಸಿದಳು. ನಾನು ದಂಗಾಗಿ ನೋಡುತ್ತಲೇ ಇದ್ದೆ. ಮನುಷ್ಯರು ಹೀಗೂ ಇರುತ್ತಾರೆಯೇ ಎನ್ನಿಸಿತು. ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದರೆ ಅತ್ತಿಗೆ ಕಟ್ಟಿಕೊಟ್ಟ ಹಲಸಿನ ಹಪ್ಪಳ ಸಿಕ್ಕಿತು. ಕರಿಯದ ಹಪ್ಪಳವನ್ನು ಯಾರು ತಿನ್ನುತ್ತಾರೆ? ಕೊನೆಗೆ, ನಮ್ಮ ಪ್ರಾಧ್ಯಾಪಕಿ ಹೆಲೆನ್‌ಗೆ ಕೊಡಲೆಂದು ಒಯ್ದಿದ್ದ ತೊಡದೇವಿನ ಡಬ್ಬ ಬಿಚ್ಚಿದೆ. ಕಬ್ಬಿನ ಹಾಲಿನಲ್ಲಿ ಕಾಗದದಷ್ಟು ತೆಳ್ಳಗೆ ಮಾಡುವ ಆ ಸಿಹಿಯನ್ನು ಮಡಿಕೆ ಮಡಿಕೆಯಾಗಿ ತಿಂದು ನೀರು ಕುಡಿದೆ. ಅರ್ಧ ಡಬ್ಬ ಮುಗಿಯಿತು.

ಬೆಳಿಗ್ಗೆ "ಟೋಸ್ಟ್?" ಎಂದಳು. ಅಭ್ಯಾಸಬಲ, ಬೇಡ ಎಂದುಬಿಟ್ಟೆ. ಮತ್ತೆ "ಸರಿ". ಸಂಜೆ ಮೂರನೆಯ ಸಲ ಕೇಳಿದಾಗ ಮಾತ್ರ ಕಣ್ಣು ಮುಚ್ಚಿಕೊಂಡು "ಬೇಕು" ಎಂದೆ. ಇನ್ನೊಬ್ಬರ ಮನೆಯಲ್ಲಿ ಆ ಶಬ್ದವನ್ನು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಡೋರೀನ್ ಏನೂ ಆಗದವಳಂತೆ ಬಟ್ಟಲು ತುಂಬಿ ಮುಂದಿಟ್ಟಳು.

ತರಗತಿ

ಹದಿನಾಲ್ಕು ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟಿದ್ದರು. ನಡುವೆ ಮೇಜಿಲ್ಲ, ನೋಟ್‌ಬುಕ್ ಇಡಲು ತೊಡೆಯೇ ಗತಿ. ಹೆಲೆನ್ ಸಣ್ಣ ದನಿಯ ಹೆಂಗಸು. ಅರ್ಧ ಖಾಲಿಯಾದ ತೊಡದೇವಿನ ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಅರ್ಧವೇಕೆ ಎಂದು ಕೇಳಲಿಲ್ಲ. ಆಮೇಲೆ ನಿಯಮ ಹೇಳಿದಳು. ಸಲಹೆ ಕೊಡುವಂತಿಲ್ಲ. "ನಾನು ನಿಮ್ಮ ಜಾಗದಲ್ಲಿದ್ದರೆ" ಎಂದು ಮಾತು ಶುರು ಮಾಡುವಂತಿಲ್ಲ. ಸೂಕ್ಷ್ಮ ವಿಷಯವಾದರೆ, ಪ್ರಶ್ನೆ ಕೇಳುವ ಮುನ್ನ "ಇದನ್ನು ಕೇಳಬಹುದೇ" ಎಂದು ಕೇಳಬೇಕು. ಈ ನಿಯಮಗಳನ್ನೆಲ್ಲ ಎರಡು ವರ್ಷದಿಂದ ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬರೆದದ್ದನ್ನು ಜನ ನಿಜವಾಗಿ ನಡೆಸುತ್ತಾರೆಂದು ನಾನು ನಂಬಿಯೇ ಇರಲಿಲ್ಲ.

ಎರಡನೆಯ ದಿನ ಒಬ್ಬ ಹುಡುಗಿ ಮಾತಾಡುತ್ತ ಮಾತಾಡುತ್ತ ಅತ್ತುಬಿಟ್ಟಳು. ಹದಿಮೂರು ಜನ ಕೂತಲ್ಲೇ ಕೂತಿದ್ದರು. ಯಾರೋ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಕಾಲಿನಿಂದ ಅವಳ ಕಡೆ ಮೆಲ್ಲಗೆ ಸರಿಸಿದರು. ನಾನು ನೀರಿನ ಬಾಟಲಿ ಹಿಡಿದು ಎದ್ದೆ. ಹೆಲೆನ್ ಕಣ್ಣಲ್ಲೇ ಕೂರು ಎಂದಳು. ಕೂತೆ. ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಅತ್ತರೆ ನಾಲ್ಕು ಜನ ಸುತ್ತ ಕೂರುತ್ತಾರೆ, ಒಬ್ಬರು ಸೋಡಾ ತರುತ್ತಾರೆ, ಬಸ್ಸು ಬರುವುದರೊಳಗೆ ಗಂಡನದು ತಪ್ಪೋ ಅತ್ತೆಯದೋ ಎಂದು ತೀರ್ಮಾನವೂ ಆಗಿರುತ್ತದೆ. ಇಲ್ಲಿ ಆ ಹುಡುಗಿ ತಾನೇ ಅತ್ತು, ತಾನೇ ಒರೆಸಿಕೊಂಡು, "ಈಗ ಮುಂದುವರಿಸಬಹುದು" ಎಂದಳು. ಇವರು ಕಲ್ಲೋ ಮನುಷ್ಯರೋ ಎಂದು ನನಗೆ ಗಾಬರಿಯಾಯಿತು. ವಿಚಿತ್ರವೆಂದರೆ ಆಕೆಯ ಮುಖ ತಿಳಿಯಾಗಿತ್ತು.

ಶುಕ್ರವಾರ

ಕ್ಯಾಮೆರಾದ ಎದುರು ನನ್ನ ಸರದಿ. ನನ್ನೆದುರಿನ ಕುರ್ಚಿಗೆ ಸಹಪಾಠಿ ಗ್ಲೆನ್ ಬಂದ. ಅಗ್ನಿಶಾಮಕ ದಳದಲ್ಲಿ ಹೊಸಬರಿಗೆ ತರಬೇತಿ ಕೊಡುವವನು, ಬಾಗಿಲು ತುಂಬುವ ಆಳು. ನಿವೃತ್ತಿ ತೆಗೆದುಕೊಳ್ಳಲೋ ಬೇಡವೋ ಎನ್ನುವುದು ಅವನ ವಿಷಯ. ಚೆನ್ನಾಗಿಯೇ ನಡೆಯುತ್ತಿತ್ತು. ಮಾತಿನ ನಡುವೆ "ನನ್ನಪ್ಪನೂ ಇದೇ ಕೆಲಸದಲ್ಲಿದ್ದ" ಎಂದವನು ಅಲ್ಲಿಗೇ ನಿಲ್ಲಿಸಿದ. "ಅವನ ವಿಷಯ ಬೇಡ."

"ಸ್ವಲ್ಪ ಹೇಳಿ" ಎಂದೆ.

"ಬೇಡ" ಎಂದ.

ನಾನು ಕುರ್ಚಿಯ ಅಂಚಿಗೆ ಸರಿದೆ. ಹೋಳಿಗೆ ಬಡಿಸುವಾಗಿನ ನಗು ತಾನಾಗಿ ನನ್ನ ಮುಖಕ್ಕೆ ಬಂತು. "ಒಂದೇ ಒಂದು ಚೂರು" ಎಂದೆ.

ಗ್ಲೆನ್ ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಿ, ಕುರ್ಚಿಯ ಮೇಲಿಟ್ಟು ಹೊರಗೆ ನಡೆದ. ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡ. ದಡಾರನೆ ಬಡಿದಿದ್ದರೆ ನನಗೆ ಅಷ್ಟು ಆಘಾತ ಆಗುತ್ತಿರಲಿಲ್ಲ.

ಹೆಲೆನ್ ಕ್ಯಾಮೆರಾ ನಿಲ್ಲಿಸಿದಳು. "ಅವನು ಎರಡು ಸಲ ಬೇಡ ಎಂದ" ಎಂದಳು.

"ನಮ್ಮಲ್ಲಿ ಎರಡು ಸಲ ಲೆಕ್ಕಕ್ಕಿಲ್ಲ" ಎಂದೆ. ತಮಾಷೆ ಎಂದುಕೊಂಡು ನಗಬಹುದು ಎಂದಿದ್ದೆ. ನಗಲಿಲ್ಲ. ಮಂಗಳವಾರ ಇನ್ನೊಂದೇ ಅವಕಾಶ, ಅಲ್ಲಿಯೂ ಹೀಗಾದರೆ ಪದವಿ ಕೊಡಲಾಗುವುದಿಲ್ಲ ಎಂದಳು. ಇದು ಕಲಿಕೆಯ ಕೊರತೆಯಲ್ಲ, ನಂಬಿ ಕೂತವರ ಬೇಲಿ ಮುರಿದಂತೆ ಎಂದಳು. ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದವಳಿಗೆ ಯಾರೂ ಹೀಗೆ ಹೇಳಿರಲಿಲ್ಲ.

ಸಮರ್ಥನೆಗೆಂದು ನಮ್ಮೂರಿನ ಒತ್ತಾಯದ ಕಥೆಯನ್ನೆಲ್ಲ ಹೇಳಿದೆ. ಎಲೆ, ಸೌಟು, ಅಡ್ಡ ಹಿಡಿಯುವ ಕೈ. ಹೆಲೆನ್ ಆಸಕ್ತಿಯಿಂದ ಕೇಳಿದಳು. ಆಮೇಲೆ, "ಹಾಗಾದರೆ ನಿಜವಾಗಿ ಬೇಡ ಎನ್ನುವವರು ನಿಮ್ಮಲ್ಲಿ ಏನು ಮಾಡುತ್ತಾರೆ? ಬಡಿಸುವವಳಿಗೆ ಅದು ಹೇಗೆ ಗೊತ್ತಾಗುತ್ತದೆ?" ಎಂದಳು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನನಗೆ ಹನ್ನೆರಡು ವರ್ಷವಿದ್ದಾಗ, ಮೊದಲ ಸಲ ಪಂಕ್ತಿಗೆ ಪಾಯಸದ ಪಾತ್ರೆ ಹಿಡಿದು ಹೊರಟಾಗ ನನ್ನ ಆಯಿ ಹೇಳಿಕೊಟ್ಟಿದ್ದಳು. "ಬಾಯಿ ನೋಡಡ, ಕೈ ನೋಡು." ಕೈ ಎಲೆಯಿಂದ ಮೇಲಿದ್ದರೆ ಇನ್ನೂ ಜಾಗವಿದೆ. ಅಂಗೈಯನ್ನು ಎಲೆಗೇ ಒತ್ತಿ ಹಿಡಿದರೆ ಮುಂದೆ ಹೋಗು, ಸುರಿದರೆ ಕೈ ಸುಡುತ್ತದೆ. ಎಲೆ ಮಡಚಿದವರ ಮುಂದಂತೂ ನಿಲ್ಲಲೇಬೇಡ. ಮೂರು ಸಲ ಕೇಳುವುದು ಮರ್ಯಾದೆ, ನಾಲ್ಕನೆಯದು ಹಿಂಸೆ. ಇದು ನಮ್ಮಲ್ಲಿ ಚಿಕ್ಕಮಕ್ಕಳಿಗೂ ಗೊತ್ತು ಎಂದು ಜಂಬದಿಂದಲೇ ವಿವರಿಸಿದೆ.

ಹೆಲೆನ್ ಖಾಲಿ ಕುರ್ಚಿಯ ಮೇಲಿನ ಮೈಕನ್ನು ಎತ್ತಿಕೊಂಡಳು. ಆಗ ನೆನಪಾಯಿತು. ಎರಡನೆಯ ಸಲ ಬೇಡ ಎನ್ನುವಾಗ ಗ್ಲೆನ್ ಅಂಗೈಯಿಂದ ಆ ಮೈಕನ್ನು ಎದೆಗೆ ಒತ್ತಿ ಮುಚ್ಚಿದ್ದ. ನಾನು ಅದನ್ನು ನೋಡಿದ್ದೆ.

ಸೋಮವಾರ

ಶನಿವಾರ ಭಾನುವಾರ ಎರಡು ದಿನವೂ ಡೋರೀನ್ ಕೇಳಿದ್ದಕ್ಕೆಲ್ಲ "ಬೇಕು" ಎಂದು ಹೊಟ್ಟೆ ತುಂಬ ಉಂಡೆ. ಸೋಮವಾರ ಗ್ಲೆನ್‌ನ ಕ್ಷಮೆ ಕೇಳಿದೆ. "ಸರಿ" ಎಂದ. "ಅಯ್ಯೋ, ಅದಕ್ಕೆಲ್ಲ ಕ್ಷಮೆ ಯಾಕೆ" ಎನ್ನಬಹುದೆಂದು ಕಾದೆ, ಅದು ಬರಲಿಲ್ಲ. ತಪ್ಪು ನನ್ನದು, ಕ್ಷಮೆಯಾಚನೆ ಅವನಿಗೆ ಸಲ್ಲಬೇಕಾದದ್ದು, ಇಬ್ಬರಿಗೂ ಗೊತ್ತಿತ್ತು.

ಆ ದಿನ ಕುರ್ಚಿ ಅದಲುಬದಲು. ಅವನು ಕೇಳುವವನು, ನಾನು ಹೇಳುವವಳು. ನಿಜವಾದ ವಿಷಯವೇ ಆಗಬೇಕು, ಆದರೆ ಚಿಕ್ಕದಿರಲಿ ಎಂಬ ನಿಯಮ. ಚಿಕ್ಕದು ಎಂದುಕೊಂಡೇ ನಾನು ಉಮ್ಮಚಗಿಯವರ ಭೇಟಿಯ ವಿಷಯ ತೆಗೆದೆ. ಕಾಲೇಜಿನ ಕೆಲಸ, ಹನ್ನೆರಡು ಜನರಿಗೆ ಅಡುಗೆ, ಮಗಳನ್ನು ಧಾರವಾಡದಿಂದ ಕರೆಸುವುದು, ಇದನ್ನೆಲ್ಲ ಹೇಗೆ ಸಂಭಾಳಿಸಲಿ ಎಂದೆ.

ಗ್ಲೆನ್ ಬರೆದುಕೊಳ್ಳುತ್ತ ಕೇಳಿಸಿಕೊಂಡ. "ಒಂದು ಪ್ರಶ್ನೆ ಕೇಳಬಹುದೇ?" ಎಂದ. ಕೇಳು ಎಂದೆ. "ನಿಮ್ಮ ಮಗಳು ಇದಕ್ಕೆ ಏನು ಹೇಳಿದಳು?"

"ಬೇಡ ಎಂದಳು. ಅದು ಮೊದಲಿಗೆ ಎಲ್ಲರೂ ಹೇಳುವುದೇ."

ಅವನ ಪೆನ್ನು ನಿಂತಿತು. ಕೋಚ್ ಆದವನು ಮುಖದಲ್ಲಿ ಏನನ್ನೂ ತೋರಿಸಬಾರದು, ಅವನು ತೋರಿಸಲಿಲ್ಲ. "ಎಷ್ಟು ಸಲ ಹೇಳಿದಳು?" ಎಂದು ಮಾತ್ರ ಕೇಳಿದ.

ಎರಡೋ ಮೂರೋ ಎನ್ನಲು ಬಾಯಿ ತೆರೆದೆ. ಎಣಿಸತೊಡಗಿದೆ. ಮೊದಲನೆಯದು ಅಡುಗೆಮನೆಯಲ್ಲಿ, ದೋಸೆ ಹೊಯ್ಯುತ್ತ. ಮರುದಿನವೇ ಫೋನಿನಲ್ಲಿ. ಯಲ್ಲಾಪುರಕ್ಕೆ ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹೇಳಿದ್ದನ್ನು ಒಂದೇ ಎಂದು ಹಿಡಿದೆ. ಅಲ್ಲಿಗೇ ಮೂರಾಯಿತು. ನಂದೊಳ್ಳಿಯಲ್ಲಿ ಅತ್ತಿಗೆಯ ಮನೆಯಲ್ಲಿ ಎಲ್ಲರೆದುರು ಹೇಳಿದ್ದಳು, ಎಲ್ಲರೂ ನಕ್ಕಿದ್ದೆವು. ಹಾಸ್ಟೆಲ್ಲಿನಿಂದ ಉದ್ದದ ಮೆಸೇಜು ಬರೆದಿದ್ದಳು, ನಾನು ಹೂವಿನ ಚಿತ್ರ ಕಳಿಸಿದ್ದೆ. ಒಮ್ಮೆ ಅತ್ತಿದ್ದಳು. ಕೊನೆಯದು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ. ಧಾರವಾಡದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. "ಸಾವಿತ್ರಕ್ಕಂಗೆ ಫೋನ್ ಮಾಡ್ತೆ" ಎಂದು ನಾನು ಕೆಳಗಿನಿಂದ ಕೂಗಿದೆ. ಅವಳು ಬಾಯಿ ಬಿಡಲಿಲ್ಲ. ತಲೆ ಅಲ್ಲಾಡಿಸಿ, ಅಂಗೈಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನಾನು ಟಾಟಾ ಮಾಡಿದೆ.

"ಏಳು" ಎಂದೆ. ಡೋರೀನಳ ಊರಿನ ಲೆಕ್ಕ ಬಿಡಿ, ನಮ್ಮ ಪಂಕ್ತಿಯ ಲೆಕ್ಕದಲ್ಲೂ ನಾಲ್ಕು ಹೆಚ್ಚಾಗಿತ್ತು. ಪರದೇಶದವರ ಕ್ರಮ ಬೇರೆ ಎಂದು ಜಾರಿಕೊಳ್ಳಲು ಸಂದಿಯೇ ಇರಲಿಲ್ಲ. ಇಡೀ ಊರು ಮೆಚ್ಚುವ ಬಡಿಸುವವಳು ತನ್ನ ಮಗಳ ಕೈಯ ಮೇಲೆ ಬಿಸಿ ಪಾಯಸ ಸುರಿದಿದ್ದಳು. ಅತ್ತೆ. ಗ್ಲೆನ್ ಕರವಸ್ತ್ರದ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದ. ಯಾರೂ ನನ್ನನ್ನು ಸಮಾಧಾನ ಮಾಡಲಿಲ್ಲ, ಅದೇ ಒಳ್ಳೆಯದಾಯಿತು.

ಸಮುದ್ರದ ದಂಡೆ

ಮಧ್ಯಾಹ್ನದ ಬಿಡುವಿನಲ್ಲಿ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಫೋನು ಮಾಡಿದೆ. ಧಾರವಾಡದಲ್ಲಿ ಸಂಜೆ ನಾಲ್ಕೂವರೆ. ಗಾಳಿಗೆ ಸೆರಗು ಕಿವಿಗೆ ಬಡಿಯುತ್ತಿತ್ತು.

"ಸಿಂಧು, ಉಮ್ಮಚಗಿ ಸುದ್ದಿ ಕೇಳಲಾ?" ಎಂದೆ.

"ಎಂತ ಕೇಳದು? ನೀ ಎಲ್ಲ ಮಾಡಿ ಆತಲೇ" ಎಂದಳು.

"ನೀ ಬ್ಯಾಡ ಹೇಳಿದ್ದು ನಿಜವಾಗ್ಲೂ ಬ್ಯಾಡ ಹೇಳಿಯೇನೇ?"

ಬಹಳ ಹೊತ್ತು ಮಾತಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಅವಳ ಮೌನದೊಳಗೆ ನಾನು ಮಾತು ತುರುಕದೆ ಇದ್ದದ್ದು ಅದೇ ಮೊದಲಿರಬೇಕು.

"ಏಳ್ ಸಲ ಹೇಳ್ದೆ ಆಯಿ" ಎಂದಳು. ಅವಳೂ ಎಣಿಸಿದ್ದಳು. "ಎಂಟ್ನೇ ಸಲ ಹೇಳಿರೂ ನಿಂಗೆ ಕೇಳ್ತಿಲ್ಲೆ ಹೇಳಿ ಸುಮ್ನಾದೆ."

ಆ ಸುಮ್ಮನಾದದ್ದನ್ನೇ ನಾನು ಒಪ್ಪಿಗೆ ಎಂದು ಹಿಡಿದು ಉಮ್ಮಚಗಿಗೆ ಫೋನು ಮಾಡಿದ್ದೆ. ತಪ್ಪಾಯಿತು ಎಂದೆ. ಬಂದ ಕೂಡಲೇ ನಾನೇ ಹೋಗಿ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ ಎಂದೆ. ಅವಳು ಮೂಗೆಳೆದುಕೊಳ್ಳುವುದು ಕೇಳಿಸಿತು.

"ನೀ ಅಲ್ಲಿ ಎಂತ ಕಲಿತಾ ಇದ್ದೆ?" ಎಂದಳು.

"ಜನ ಹೇಳಿದ್ದು ಕೇಳದು ಹೆಂಗೆ ಹೇಳಿ."

"ಅದಕ್ಕೆ ಅಷ್ಟು ದೂರ ಹೋಗಕಾಗಿತ್ತಾ?"

"ಹೋಗಕಾಗಿತ್ತು ಕಾಣ್ತು" ಎಂದೆ.

ಮಂಗಳವಾರದ ಪರೀಕ್ಷೆಗೆ ಗ್ಲೆನ್ ತಾನೇ ಮುಂದೆ ಬಂದ. ಅಪ್ಪನ ಹೆಸರು ಒಮ್ಮೆ ಬಂತು, "ಅದು ಬೇಡ" ಎಂದ. "ಸರಿ" ಎಂದೆ. ಉಳಿದ ಇಪ್ಪತ್ತೈದು ನಿಮಿಷ ತನ್ನ ಹಿತ್ತಿಲಿನ ಈರುಳ್ಳಿ ಸಾಲಿನ ಬಗ್ಗೆ ಮಾತಾಡಿದ, ಮಾತಾಡುತ್ತಲೇ ಮುಂದಿನ ವರ್ಷ ಕೆಲಸ ಬಿಡುವುದೆಂದು ತಾನೇ ನಿರ್ಧರಿಸಿದ. ನಾನು ತೇರ್ಗಡೆಯಾದೆ. ಅವನಪ್ಪನ ವಿಷಯ ಏನೆಂದು ಇವತ್ತಿಗೂ ಗೊತ್ತಿಲ್ಲ. ತಿಳಿಯುವ ಆಸೆ ಮಾತ್ರ ಹೋಗಿಲ್ಲ.

ಉಮ್ಮಚಗಿ

ಊರಿಗೆ ಬಂದ ಮೂರನೆಯ ದಿನ ಸಾವಿತ್ರಕ್ಕನ ಮನೆಗೆ ಒಬ್ಬಳೇ ಹೋದೆ. "ಬಾರೇ, ಕೂತ್ಗ. ಆಸ್ರಿಗೆ ಎಂತ ಕೊಡ್ಲಿ?" ಎಂದು ಕೋಕಂ ಪಾನಕ ತಂದಳು. ಎಲೆ ಅಡಿಕೆಯ ತಬಕನ್ನು ಮುಂದೆ ಸರಿಸಿದಳು. ನಾನು ಅದನ್ನು ಮುಟ್ಟದೆ ವಿಷಯ ಹೇಳಿದೆ. ಭಾನುವಾರ ಬರುವುದು ಬೇಡ, ಸಿಂಧುವಿಗೆ ಮನಸ್ಸಿಲ್ಲ, ಮಾತು ಕೊಟ್ಟದ್ದು ನನ್ನ ತಪ್ಪು.

"ಹೆಣ್ಮಕ್ಕೊ ಮೊದ್ಲು ಹಾಂಗೇ ಹೇಳ್ತ" ಎಂದು ಸಾವಿತ್ರಕ್ಕ ನಕ್ಕಳು.

"ಬ್ಯಾಡ ಸಾವಿತ್ರಕ್ಕ."

"ಸುಮ್ನೆ ಬಂದು ನೋಡ್ಕ ಹೋಗ್ತ್ಯ. ಅದ್ರಲ್ಲಿ ಎಂತ ಇದ್ದು?"

"ಬ್ಯಾಡ."

"ಒಂದೇ ಒಂದ್ ಸಲ" ಎಂದಳು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ನೋಡಿದರೆ ಅದು ಹೇಗೆ ಕಾಣುತ್ತದೆಂದು ಆಗ ಗೊತ್ತಾಯಿತು.

"ಅವಳು ಏಳ್ ಸಲ ಬ್ಯಾಡ ಹೇಳಿದ್ದು" ಎಂದೆ.

ಸಾವಿತ್ರಕ್ಕನೂ ಪಂಕ್ತಿಯಲ್ಲಿ ಬಡಿಸಿಯೇ ಮುದುಕಿಯಾದವಳು. ನಗು ಇಳಿಯಿತು. ತಬಕನ್ನು ಹಿಂದಕ್ಕೆ ಎಳೆದುಕೊಂಡಳು. "ಎಲೆ ಮಡಚಿದವಕ್ಕೆ ಬಡಿಸಲೆ ಬಪ್ಪದು ನಮ್ಮಲ್ಲಿ ಇಲ್ಲೆ" ಎಂದಳು. "ನೀ ಇದನ್ನ ಮೊದ್ಲೇ ಹೇಳಕಾಗಿತ್ತು."

ಹೊರಡುತ್ತೇನೆ ಎಂದೆ. ಆ ಮನೆಯಿಂದ ಒಂದೇ ಮಾತಿಗೆ ಹೊರಟು ಬಂದವರು ಯಾರೂ ಇಲ್ಲ. ಊಟ ಮಾಡಿಕೊಂಡು ಹೋಗು, ಕೊನೆಗೆ ಒಂದು ದೋಸೆಯಾದರೂ ಎಂದು ಕೈ ಹಿಡಿದು ಎಳೆಯುವ ಮನೆ ಅದು. ಸಾವಿತ್ರಕ್ಕ "ಸರಿ" ಎಂದಳು, ಬಾಗಿಲವರೆಗೆ ಬಂದಳು. ಮಾಡಿದ್ದುಣ್ಣೋ ಮಹಾರಾಯ.

ಹೇರೂರು, ಎರಡನೆಯ ಭಾನುವಾರ

ಹನ್ನೆರಡು ಜನ ಬರಬೇಕಿದ್ದ ದಿನ ಸಿಂಧು ಒಬ್ಬಳೇ ಬಂದಳು. ನಾನು ಕರೆದಿರಲಿಲ್ಲ. ಮಧ್ಯಾಹ್ನ ಅವಳಿಗೆ ಎಲೆ ಹಾಕಿದೆ. ಮಾವಿನಕಾಯಿಯ ಅಪ್ಪೆಹುಳಿ ಎಂದರೆ ಅವಳಿಗೆ ಪ್ರಾಣ, ಕುಡಿದಷ್ಟೂ ಸಾಲದು. ಎರಡು ಸೌಟು ಹಾಕಿದೆ, ಅನ್ನದೊಂದಿಗೆ ಕಲಸಿ ಉಂಡಳು. ಮೂರನೆಯದಕ್ಕೆ ಸೌಟು ಎತ್ತಿ "ಹಾಕ್ಲಾ?" ಎಂದೆ.

"ಸಾಕು" ಎಂದಳು.

ಸೌಟನ್ನು ಪಾತ್ರೆಯೊಳಗೆ ಇಳಿಸಿದೆ. ಕೈ ಅಲ್ಲೇ ಇದ್ದರೆ ಮತ್ತೆ ಎತ್ತಿಬಿಡುತ್ತೇನೆಂದು ಹೆದರಿ, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಸಿಂಧು ತುತ್ತು ನಿಲ್ಲಿಸಿ ತಲೆಯೆತ್ತಿದಳು. ನನ್ನ ಮುಖ ನೋಡಿದಳು, ಮಡಿಲಲ್ಲಿದ್ದ ಕೈ ನೋಡಿದಳು. ನಂಬಿಕೆಯಾಗದವಳಂತೆ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎಡಗೈಯಲ್ಲಿ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, ತಾನೇ ಮೂರು ಸೌಟು ಬಡಿಸಿಕೊಂಡಳು.